ಚನಿಯಪ್ಪನ ಬೆರಳೂ ಕಲಂದರನ ಸೂಜಿಯೂ

ಐವತ್ತೆಂಟನೆಯ ಇಸವಿಯ ಫೆಬ್ರವರಿಯ ಒಂದು ಬೆಳಿಗ್ಗೆ ಕಾಣಿಯೂರಿನ ಮಹಾಗಣಪತಿ ಧಣಿಯ ಅಂಗಳದಲ್ಲಿ ಚನಿಯಪ್ಪನನ್ನು ತೆಂಗಿನಮರಕ್ಕೆ ಕಟ್ಟಿದರು. ಚನಿಯಪ್ಪ ಅಡಿಕೆ ಮರ ಹತ್ತುವವನು. ಕಟ್ಟಿದವನು ಧಣಿಯ ಆಳು ಅಚ್ಚುತ. ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ, ಮಣಿಕಟ್ಟಿಗೆ ತೆಂಗಿನ ನಾರಿನ ಹಗ್ಗ ಸುತ್ತಿ, ಮರಕ್ಕೆ ಕಾಲು ಒತ್ತಿ ಎಳೆದು ಬಿಗಿದ. ಒಣಗಲು ಹಾಕಿದ್ದ ಅಡಿಕೆಯಲ್ಲಿ ಒಂದು ಗೋಣಿ ಕಾಣೆಯಾಗಿತ್ತಂತೆ. ಚನಿಯಪ್ಪ ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಇಲ್ಲ. ಕದ್ದವನ ಕೈಗೂ ರಕ್ತ ಬೇಕು.

"ಬಾಯಿ ಬಿಡ್ತೀಯಾ ಇಲ್ಲವಾ?" ಎಂದು ಅಚ್ಚುತ ಕೊತ್ತಳಿಗೆಯಿಂದ, ತೆಂಗಿನ ಗರಿಯ ಒಣ ದಿಂಡಿನಿಂದ, ಬೆನ್ನಿಗೆ ಬಾರಿಸಿದ.

"ಬಿಟ್ಟೇ ಉಂಟಲ್ಲ ಮಾರಾಯ, ಸ್ವಲ್ಪ ನೀರು ಹಾಕು."

ಅದಕ್ಕೆ ಇನ್ನೂ ನಾಲ್ಕು ಬಿದ್ದವು. ಆಮೇಲೆ ಹೊಡೆದವನು ಊಟಕ್ಕೆ ಹೋದ. ಧಣಿಯೂ ಊಟ ಮಾಡಿ, ವೀಳ್ಯ ಹಾಕಿ, ಚಾವಡಿಯಲ್ಲಿ ಮಲಗಿದ. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಅಡಿಕೆ ಸುಲಿಯುವ ಹೆಂಗಸರು ಅಂಗಳದಲ್ಲೇ ಇದ್ದರು. ಅವರ ಕಣ್ಣೆದುರಿಗೇ ಆ ಕೈ ಕೆಂಪಾಯಿತು, ನೇರಳೆಯಾಯಿತು, ಬದನೆಯಂತೆ ಉಬ್ಬಿತು. ಒಬ್ಬಳೂ ಏಳಲಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಎದ್ದವಳಿಗೂ ಅಲ್ಲೇ ಇನ್ನೊಂದು ತೆಂಗಿನಮರ ಇತ್ತು.

ಸಂಜೆ ಅಡಿಕೆ ಕೊಳ್ಳಲು ಲಾರಿಯಲ್ಲಿ ಬಂದ ಬ್ಯಾರಿ ಮುಸಲ್ಮಾನ ಅಲಿ ಕುಂಞಿ ಯಾರನ್ನೂ ಕೇಳದೆ ಹಗ್ಗ ಕಡಿದ. ಧಣಿ ಎದ್ದು ಬಂದು ಕೂಗಿದ: "ಬ್ಯಾರಿ, ನಿನಗೆ ಅಡಿಕೆ ಬೇಕಾ, ಕಳ್ಳ ಬೇಕಾ?"

"ಇವತ್ತಿಗೆ ಕಳ್ಳ ಸಾಕು ಧಣಿ. ಅಡಿಕೆ ನಾಳೆಯೂ ಇರ್ತದೆ."

ಅವನೇ ಚನಿಯಪ್ಪನನ್ನು ಲಾರಿಗೆ ಹತ್ತಿಸಿ ಪುತ್ತೂರಿನ ಆಸ್ಪತ್ರೆಗೆ ತಂದ. ಅಲ್ಲಿನ ಡಾಕ್ಟರು ರಾಮಪ್ರಸಾದ ಆಗಿನ್ನೂ ಎಳೆಯ ಪ್ರಾಯದವರು. ಮರುದಿನ ಬೆಳಿಗ್ಗೆ ಆ ಕೈಯನ್ನು ಒತ್ತಿ, ಚುಚ್ಚಿ, ತಿರುಗಿಸಿ ನೋಡಿದರು. ಬಾವು ಎಷ್ಟಿತ್ತೆಂದರೆ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ.

"ನೋಡು, ಒಳಗೆ ರಕ್ತ ಹರಿಯುತ್ತಾ ಇದ್ರೆ ಕಾಯಬಹುದು. ಹರಿಯದಿದ್ರೆ ಮೊಣಕೈಯ ಕೆಳಗೆ ಕಡಿಯಬೇಕು, ಅದೂ ಬೇಗ. ಇಲ್ಲದಿದ್ರೆ ನಂಜು ಮೇಲೆ ಹತ್ತಿ ನೀನೇ ಹೋಗ್ತಿ. ಯಾವುದು ಅಂತ ನನಗೆ ಕಾಣುದಿಲ್ಲ."

"ಕೈ ಹೋದ್ರೆ ನಾನು ಎಂತ ತಿನ್ನುದು ಡಾಕ್ಟ್ರೆ? ತಲೆಯನ್ನೇ ಕಡೀರಿ, ಕೆಲಸ ಮುಗೀತದೆ."

ಆಗ ಡಾಕ್ಟರಿಗೆ ಕಲಂದರನ ನೆನಪಾಯಿತು.

ಕಲಂದರ್ ಆಗ ಪುತ್ತೂರಿನಲ್ಲಿ ಬೀಡುಬಿಟ್ಟಿದ್ದ ಟೆಂಟ್ ಸಿನಿಮಾದ ಆಪರೇಟರ್. ಫಿಲ್ಮಿನ ಅಂಚಿನಲ್ಲಿ ಸಪ್ಪಳವೆಲ್ಲ ಒಂದು ಗೆರೆಯಾಗಿ ಇರುತ್ತದೆ. ಸಣ್ಣ ದೀಪದ ಬೆಳಕು ಆ ಗೆರೆಯನ್ನು ಹಾದು, ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಬುರುಡೆಯ ಮೇಲೆ ಬೀಳುತ್ತದೆ. ಅದಕ್ಕೆ ಸೆಲ್ಲು ಎನ್ನುತ್ತಾರೆ. ಸೆಲ್ಲಿಗೆ ಬೆಳಕು ಹೆಚ್ಚು ಕಡಿಮೆಯಾದ ಹಾಗೆ ಸ್ಪೀಕರು ಮಾತಾಡುತ್ತದೆ. ಸುಳ್ಯದಲ್ಲಿ ಒಮ್ಮೆ ಆಟದ ನಡುವೆ ಸೆಲ್ಲು ಸತ್ತು, ನಾಯಕಿ ಬಾಯಿ ಆಡಿಸುತ್ತಾ ಮೂಕಿಯಾದಳು. ಜನ ಬೆಂಚು ಮುರಿದು, ಬೆಂಚಿನ ಕಾಲಿನಿಂದಲೇ ಕಲಂದರನ ತಲೆಗೆ ಹೊಡೆದರು. ನಾಲ್ಕಾಣೆ ಟಿಕೇಟಿಗೆ ಒಬ್ಬ ಮನುಷ್ಯನ ಎಡಗಿವಿ ಹೋಯಿತು. ಬಲಗಿವಿಗೂ ಅರ್ಧವೇ ಉಳಿಯಿತು.

ಕೇಳದ ಕಿವಿಗೆ ಬದಲು ಅವನು ಕಣ್ಣನ್ನು ಹಚ್ಚಿದ. ಹಳೆಯ ರೇಡಿಯೋದ ವಾಲ್ವುಗಳನ್ನು ಸೇರಿಸಿ ಸೆಲ್ಲಿಗೆ ಒಂದು ಸೂಜಿಯ ಮೀಟರು ಜೋಡಿಸಿದ. ಸೂಜಿ ಕುಣಿದರೆ ಸಪ್ಪಳ ಉಂಟು, ನಿಂತರೆ ಓಡಬೇಕು. ಒಂದು ದಿನ ಧೂಳು ಒರೆಸುವಾಗ ದೀಪಕ್ಕೂ ಸೆಲ್ಲಿಗೂ ನಡುವೆ ಅವನ ಬೆರಳು ಸಿಕ್ಕಿತು. ಬೆರಳು ಕೆಂಡದಂತೆ ಕೆಂಪಾಯಿತು. ಸೂಜಿ ಮೆಲ್ಲಗೆ, ತಾಳ ಹಾಕಿದಂತೆ ಆಡತೊಡಗಿತು. ಎದೆಯ ಮೇಲೆ ಇನ್ನೊಂದು ಕೈ ಇಟ್ಟು ನೋಡಿದ. ಅದೇ ತಾಳ. ರಕ್ತ ಬಂದಾಗ ಬೆರಳು ದಪ್ಪವಾಗಿ ಬೆಳಕು ಕಡಿಮೆಯಾಗುತ್ತಿತ್ತು, ರಕ್ತ ಹೋದಾಗ ಹೆಚ್ಚಾಗುತ್ತಿತ್ತು. ಹೆಂಡತಿ ಮುನೀರಾಳನ್ನು ಕರೆತಂದು ಅವಳ ಬೆರಳನ್ನೂ ಇಡಿಸಿದ.

"ನನ್ನ ಬೆರಳಲ್ಲಿ ಎಂತ ಸಿನಿಮಾ ಓಡ್ತಾ ಉಂಟಾ?" ಎಂದಳು ಅವಳು.

"ಉಂಟು. ನಾಯಕಿಗೆ ಕೋಪ ಬಂದಿದೆ. ತಾಳ ಜೋರಾಗಿದೆ."

ಡಾಕ್ಟರು ಈ ಆಟವನ್ನು ಇಂಟರ್ವಲ್ಲಿನಲ್ಲಿ ನೋಡಿ ನಕ್ಕಿದ್ದರು. ಈಗ ನಗಲಿಲ್ಲ. ದೀಪ, ಸೆಲ್ಲು, ಸೂಜಿ ಎಲ್ಲ ಇದ್ದ ಆ ಪೆಟ್ಟಿಗೆಗೆ ಟೆಂಟಿನ ಎಂಜಿನ್ನಿನ ಕರೆಂಟು ಬೇಕಾದ್ದರಿಂದ ಚನಿಯಪ್ಪನನ್ನೇ ಲಾರಿಯಲ್ಲಿ ಟೆಂಟಿಗೆ ಒಯ್ದರು. ಟಿಕೇಟಿಗೆ ನಿಂತಿದ್ದ ಜನ ಸುತ್ತ ಮುಗಿಬಿದ್ದರು. "ಕಳ್ಳನ ಕೈಯಂತೆ, ಕಳ್ಳನ ಕೈಯಂತೆ" ಎಂದು ಹಿಂದಿನವರು ಮುಂದಿನವರನ್ನು ತಳ್ಳಿದರು. ಒಬ್ಬ ಆ ಬಾವಿನ ಮೇಲೆ ಉಗಿದ. ಅಲಿ ಕುಂಞಿ ಅವನ ಕುತ್ತಿಗೆಗೆ ಕೈ ಹಾಕಿದ, ಇನ್ನಿಬ್ಬರು ಅಲಿ ಕುಂಞಿಯ ಮೇಲೆ ಬಿದ್ದರು. ಆ ಗದ್ದಲದ ನಡುವೆ ಕಲಂದರ್ ಒಂದೊಂದೇ ಬೆರಳನ್ನು ದೀಪದ ಮುಂದೆ ಹಿಡಿದ. ಐದಕ್ಕೂ ಸೂಜಿ ಆಡಿತು.

"ರಕ್ತ ಉಂಟು ಡಾಕ್ಟ್ರೆ! ಐದರಲ್ಲೂ ಉಂಟು!"

ಡಾಕ್ಟರು ಕಡಿಯುವ ಮಾತು ಬಿಟ್ಟರು. ಚನಿಯಪ್ಪ ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ಕಲಂದರ್ ಎಂಜಿನ್ ಓಡಲು ಬಿಟ್ಟು, ಬೇಯಿಸಿದ ಮರಗೆಣಸು ತಿನ್ನುತ್ತಾ ಪೆಟ್ಟಿಗೆಯ ಮುಂದೆ ಕೂತಿದ್ದ. ತಮಾಷೆಗೆಂದು ಒಂದು ಹೋಳನ್ನು ದೀಪದ ಮುಂದೆ ಹಿಡಿದ. ಸೂಜಿ ಆಡಿತು. ತಾಳ ಹಾಕಿದಂತೆ, ಮೆಲ್ಲಗೆ.

ಮರಗೆಣಸಿಗೆ ಎದೆ ಇಲ್ಲ.

ಆ ವಾರವಷ್ಟೇ ಎಂಜಿನ್ನಿನ ಚರ್ಮದ ಬೆಲ್ಟು ಹರಿದು ಅವನೇ ಹೊಲಿದಿದ್ದ. ಹೊಲಿಗೆಯ ಗಂಟು ಚಕ್ರದ ಮೇಲೆ ಬಂದಾಗಲೆಲ್ಲ ಕರೆಂಟು ಒಂದಿಷ್ಟು ಬೀಳುತ್ತಿತ್ತು, ದೀಪ ಮಂಕಾಗುತ್ತಿತ್ತು. ನಿನ್ನೆ ಸೂಜಿ ತೋರಿಸಿದ್ದು ಚನಿಯಪ್ಪನ ರಕ್ತವನ್ನಲ್ಲ, ಬೆಲ್ಟಿನ ಗಂಟನ್ನು. ಎಡಗೈಯ ನಾಡಿ ಹಿಡಿದು ತಾಳ ಹೊಂದುತ್ತದೆಯೇ ಎಂದು ನೋಡುವ ಬುದ್ಧಿ ಅವನಿಗೂ ಬಂದಿರಲಿಲ್ಲ, ಡಾಕ್ಟರಿಗೂ ಬಂದಿರಲಿಲ್ಲ.

ಪೆಟ್ಟಿಗೆಯನ್ನೂ ಗೆಣಸಿನ ಹೋಳನ್ನೂ ಹಿಡಿದುಕೊಂಡು ಕಲಂದರ್ ಓಡಿದ. ಆಸ್ಪತ್ರೆಯಲ್ಲಿ ಚನಿಯಪ್ಪನ ಮೈ ಸುಡುತ್ತಿತ್ತು, ಕೈಯಿಂದ ವಾಸನೆ ಬರುತ್ತಿತ್ತು. ಡಾಕ್ಟರು ಆಗಲೇ ಗರಗಸ ಕುದಿಸಲು ಹೇಳಿದ್ದರು.

"ನನ್ನ ಸೂಜಿ ಸುಳ್ಳು ಹೇಳಿತು ಡಾಕ್ಟ್ರೆ. ಬ್ಯಾಟರಿಯಲ್ಲಿ ಇನ್ನೊಮ್ಮೆ ನೋಡುವ. ಬ್ಯಾಟರಿ ನಡುಗುದಿಲ್ಲ."

"ಇನ್ನೂ ನಿನ್ನನ್ನು ನಂಬುದಾ?"

"ನನ್ನನ್ನು ನಂಬಬೇಡಿ. ಮೊದಲು ಗೆಣಸು ಇಟ್ಟು ನೋಡಿ. ಅದಕ್ಕೆ ಸೂಜಿ ಆಡಿದ್ರೆ ಪೆಟ್ಟಿಗೆಯನ್ನು ನೀವೇ ಒಡೀರಿ."

ದೀಪಕ್ಕೆ ಅಲಿ ಕುಂಞಿಯ ಲಾರಿಯ ಬ್ಯಾಟರಿ ಬಿಚ್ಚಿ ತಂದರು, ವಾಲ್ವುಗಳಿಗೆ ಯಾರದೋ ರೇಡಿಯೋದ ಒಣ ಬ್ಯಾಟರಿ. ತಂತಿ ಕೂಡಿಸುತ್ತಿದ್ದಾಗ ಅಚ್ಚುತ ಇನ್ನಿಬ್ಬರೊಂದಿಗೆ ಬಾಗಿಲಲ್ಲಿ ನಿಂತ. ಕೈ ಕಳೆದುಕೊಂಡ ಆಳು ಪುತ್ತೂರಿನ ಪೇಟೆಯಲ್ಲಿ ತಿರುಗಾಡುವುದು ಧಣಿಗೆ ಬೇಡವಾಗಿತ್ತು.

"ನಮ್ಮ ಆಳು. ನಾವು ಕೊಂಡುಹೋಗ್ತೇವೆ."

"ಹೆಣ ಕೊಂಡುಹೋಗ್ಲಿಕ್ಕೆ ಬಂದದ್ದಾ?" ಎಂದರು ಡಾಕ್ಟರು.

ಅಚ್ಚುತ ಅವರನ್ನು ಗೋಡೆಗೆ ನೂಕಿದ. ಔಷಧಿಯ ಬಾಟ್ಲಿಗಳು ಪುಡಿಯಾದವು. ಕಲಂದರ್ ಪೆಟ್ಟಿಗೆಯ ಮೇಲೆ ಬೋರಲಾಗಿ ಬಿದ್ದು ಅದನ್ನು ಅಪ್ಪಿ ಹಿಡಿದ. ಬೆನ್ನಿಗೆ ಒದ್ದರು, ಏಳಲಿಲ್ಲ. ಪಕ್ಕೆಗೆ ಒದ್ದರು, ಒಂದು ಎಲುಬು ಮುರಿದ ಸದ್ದು ಬಾಗಿಲಿನವರಿಗೂ ಕೇಳಿತು. ಅಚ್ಚುತ ಮಂಚದ ಹತ್ತಿರ ಹೋಗಿ ಚನಿಯಪ್ಪನ ಆ ಕೈಗೇ ಕೈ ಹಾಕಿ ಎಳೆದಾಗ ಚನಿಯಪ್ಪನ ಬಾಯಿಂದ ಬಂದದ್ದು ಮನುಷ್ಯರ ಸ್ವರವಲ್ಲ. ಆಗ ಕಲಂದರ್ ಎದ್ದ. ಬ್ಯಾಟರಿಯೊಂದಿಗೆ ತಂದಿದ್ದ ಲಾರಿಯ ಕಬ್ಬಿಣದ ಹ್ಯಾಂಡಲು ಅಲ್ಲೇ ಬಿದ್ದಿತ್ತು. ಅಚ್ಚುತನ ದವಡೆಗೆ ಬೀಸಿದ. ಹಲ್ಲುಗಳು ನೆಲದಲ್ಲಿ ಉರುಳಿದವು. ಇನ್ನೊಮ್ಮೆ ಬೀಸಲು ಹೋದವನನ್ನು ಅಲಿ ಕುಂಞಿ ಸೊಂಟಕ್ಕೆ ಹಿಡಿದು ಎಳೆದ: "ಸಾಕು ಮಾರಾಯ, ಸಾಯ್ತಾನೆ!" ಅಚ್ಚುತನನ್ನು ಅವನ ಜೊತೆಯವರೇ ಹೊತ್ತುಕೊಂಡು ಓಡಿದರು.

ಡಾಕ್ಟರು ದೀಪದ ಮುಂದೆ ಗೆಣಸು ಇಟ್ಟರು. ಸೂಜಿ ಕಲ್ಲಿನಂತೆ ನಿಂತಿತು. ಚನಿಯಪ್ಪನ ಎಡಗೈಯ ಬೆರಳು ಇಟ್ಟರು. ಆಡಿತು, ನಾಡಿಗೆ ಸರಿಯಾಗಿ. ಆಮೇಲೆ ಬಲಗೈ. ಹೆಬ್ಬೆರಳಿಗೆ ಆಡಿತು. ತೋರುಬೆರಳಿಗೂ ಆಡಿತು, ಕ್ಷೀಣವಾಗಿ. ನಡುಬೆರಳಿಗೆ ಇಲ್ಲ. ಉಳಿದೆರಡಕ್ಕೂ ಇಲ್ಲ.

ಮೊಣಕೈಯ ಕೆಳಗೆ ಬೀಳಬೇಕಾಗಿದ್ದ ಗರಗಸ ಮೂರು ಬೆರಳಿಗೆ, ಅಂಗೈಯ ಒಂದು ತುಂಡಿಗೆ ಬಿತ್ತು. ಕೈ ತೊಳೆಯುತ್ತಾ ಡಾಕ್ಟರು ಹೇಳಿದರು: "ನಿನ್ನೆಯೇ ಸರಿಯಾಗಿ ಗೊತ್ತಾಗಿದ್ರೆ ನಡುಬೆರಳು ಉಳೀತಿತ್ತೋ ಏನೋ."

ಪೊಲೀಸರು ಬಂದದ್ದು ಜ್ವರ ಇಳಿದ ದಿನ. ತೆಂಗಿನಮರದ ವಿಷಯಕ್ಕಲ್ಲ. ಅದಕ್ಕೆ ಕೇಸೇ ಆಗಲಿಲ್ಲ. ಅಂಗಳದಲ್ಲಿದ್ದವರು ಯಾರೂ ಏನೂ ಕಂಡಿರಲಿಲ್ಲವಂತೆ. ಕೇಸಾದದ್ದು ಅಚ್ಚುತನ ದವಡೆಗೆ. ಕಾನ್ಸ್‌ಟೇಬಲ್ ಆಸ್ಪತ್ರೆಗೆ ಬಂದಾಗ ಕಲಂದರ್, ಪಕ್ಕೆಗೆ ಬಟ್ಟೆ ಬಿಗಿದುಕೊಂಡು, ಚನಿಯಪ್ಪನ ಮಂಚದ ಬಳಿ ಕೂತಿದ್ದ. ಹೇಳಬೇಕಾದ್ದನ್ನು ಆಗಷ್ಟೇ ಹೇಳಿ ಮುಗಿಸಿದ್ದ: ಮೊದಲ ದಿನ ಸೂಜಿ ತಪ್ಪಿದ್ದು, ಗೆಣಸು, ಬೆಲ್ಟು, ನಡುಬೆರಳು.

ಚನಿಯಪ್ಪ ಎಡಗೈ ಎತ್ತಿ ಅವನ ಕೆನ್ನೆಗೆ ಬಾರಿಸಿದ. ಮಂಚ ಅಲುಗಾಡುವಷ್ಟು ಜೋರಾಗಿ.

ಕಲಂದರ್ ಮುಖ ಸರಿಸಲಿಲ್ಲ.

"ಧಣಿಗೆ ಹೊಡೀಲಿಕ್ಕೆ ಕೈ ಮುಟ್ಟುದಿಲ್ಲ," ಎಂದ ಚನಿಯಪ್ಪ ಏದುಸಿರು ಬಿಡುತ್ತಾ. "ನೀನು ಹತ್ತಿರ ಇದ್ದಿ."

"ಸರಿ. ಬೇಕಾದ್ರೆ ಇನ್ನೊಂದು ಹೊಡಿ."

"ಬೇಡ. ಪೆಟ್ಟಿಗೆ ಹಚ್ಚು. ಉಳಿದದ್ದು ಉಂಟಾ ಇಲ್ಲವಾ ನಾನೇ ನೋಡ್ಬೇಕು. ನೀನೂ ಡಾಕ್ಟ್ರೂ ಹೇಳಿದ್ದನ್ನು ಇನ್ನು ನಂಬುದಿಲ್ಲ."

ಕಾನ್ಸ್‌ಟೇಬಲ್ ಬಾಗಿಲಲ್ಲಿ ಕೆಮ್ಮಿ, "ಏಳು ಬ್ಯಾರಿ, ಹೊತ್ತಾಯ್ತು" ಎಂದ.

"ಅಲ್ಲೇ ನಿಲ್ಲಿ ನೀವು!" ಎಂದು ಚನಿಯಪ್ಪ ಗದರಿದ ರಭಸಕ್ಕೆ ಖಾಕಿಯವನು ನಿಜಕ್ಕೂ ನಿಂತ. ಕಲಂದರ್ ದೀಪ ಹಚ್ಚಿದ. ಪಟ್ಟಿ ಸುತ್ತಿದ ಕೈಯಿಂದ ಹೊರಬಂದ ತೋರುಬೆರಳು ಬೆಳಕಿನಲ್ಲಿ ಕೆಂಪಗೆ ಹೊಳೆಯಿತು. ಚನಿಯಪ್ಪ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಸೂಜಿಯ ಮೇಲೆ ಕಣ್ಣು ನೆಟ್ಟು, ತುಟಿ ಅಲ್ಲಾಡಿಸುತ್ತಾ ತಾಳ ನೋಡಿದ. ಹೊಂದುತ್ತಿತ್ತು. ಬಹಳ ಹೊತ್ತು ನೋಡಿದ. ನೋಡಿ ಮುಗಿಯುವವರೆಗೆ ಯಾರನ್ನೂ ಅಲುಗಾಡಲು ಬಿಡಲಿಲ್ಲ.