ಹಡಗಿನ ಗಡಿಯಾರಕ್ಕೊಂದು ಸೋಮವಾರ

ತಾವರೆಕೆರೆಯ ರಂಗಕ್ಕ ಸಮುದ್ರವನ್ನು ಕಂಡವರಲ್ಲ. ಬಡವನಹಳ್ಳಿಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಅಂಥದೇ ಇನ್ನೊಂದು ಮನೆಗೆ ಸೊಸೆಯಾಗಿ ಬಂದರು. ಗಂಡ ಓಬಳಪ್ಪ ಮದುವೆಯಾದ ಮರುವರ್ಷವೇ ಮುಂಬಯಿಯಲ್ಲಿದ್ದ ಸೋದರಮಾವನನ್ನು ಹುಡುಕಿಕೊಂಡು ಹೋಗಿ ಸರಕು ಹಡಗು ಸೇರಿದರು. ಕೊನೆಗೆ ಚುಕ್ಕಾಣಿ ಹಿಡಿಯುವವರಲ್ಲಿ ಒಬ್ಬರಾದರು. ಅವರು ಬಂದುಹೋಗಿ ಮಾಡುತ್ತಿದ್ದ ಆ ವರ್ಷಗಳಲ್ಲಿ ಮಂದೆ, ಎತ್ತು, ಕಡಲೆಕಾಯಿ ಹೊಲ ಎಲ್ಲವನ್ನೂ ನಡೆಸಿದವರು ರಂಗಕ್ಕ.

ಹಡಗನ್ನು ಒಡೆಯಲು ಕಳಿಸಿದಾಗ ಕಪ್ತಾನರು ಓಬಳಪ್ಪನವರ ಕೈಗಿಟ್ಟ ಹಳೆಯ ಕ್ರೋನೋಮೀಟರ್ ಈಗ ಅವರ ನಡುಮನೆಯ ಗೂಡಿನಲ್ಲಿದೆ. ಅದೊಂದು ಮರದ ಪೆಟ್ಟಿಗೆ. ಒಳಗೆ ಹಿತ್ತಾಳೆಯ ಬಳೆಗಳ ನಡುವೆ ತೂಗುವ ಗಡಿಯಾರ. ಪೆಟ್ಟಿಗೆಯನ್ನು ಎತ್ತ ವಾಲಿಸಿದರೂ ಗಡಿಯಾರದ ಮುಖ ಮಟ್ಟಸವಾಗಿಯೇ ಉಳಿಯುತ್ತದೆ. ಬಂದವರಿಗೆಲ್ಲ ರಂಗಕ್ಕ ಇದನ್ನು ತೋರಿಸುತ್ತಾರೆ.

“ನೋಡಪ್ಪ, ಸಮುದ್ರ ಇಂಗೆ ತೂಗಾಡ್ತದಂತೆ. ಇದು ಮಾತ್ರ ಅಳ್ಳಾಡಲ್ಲ.”

ನಡುಸಮುದ್ರದಲ್ಲಿ ಹಡಗು ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಸರಿದಿದೆಯೆಂದು ತಿಳಿಯಲು ಎರಡು ವೇಳೆಗಳು ಬೇಕು: ತಲೆಯ ಮೇಲಿನ ಸೂರ್ಯ ಹೇಳುವ ಅಲ್ಲಿನ ವೇಳೆ ಒಂದು, ದೂರದ ಗೊತ್ತಾದ ಒಂದು ಊರಿನ ವೇಳೆ ಇನ್ನೊಂದು. ಎರಡನೆಯದನ್ನು ಹೊತ್ತು ತಿರುಗುವುದು ಈ ಗಡಿಯಾರದ ಕೆಲಸ. ಅದು ತಪ್ಪೇ ಮಾಡಬಾರದು ಎಂದು ನಾನು ಬಹುಕಾಲ ತಿಳಿದಿದ್ದೆ. ಓದುತ್ತ ಹೋದಂತೆ ಗೊತ್ತಾಯಿತು, ನಾವಿಕರು ಅಷ್ಟನ್ನು ಬಯಸಿದವರಲ್ಲ. ದಿನವೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಅವರಿಗೆ ಸಾಕು. ಮುಳ್ಳನ್ನು ಮುಟ್ಟದೆ, ಆ ತಪ್ಪನ್ನು ಲೆಕ್ಕದಲ್ಲಿ ಕಳೆದುಕೊಳ್ಳುತ್ತಾರೆ.

ಈ ಯುಗಾದಿಯ ನಂತರ ತಪ್ಪು ಒಂದೇ ಪ್ರಮಾಣದಲ್ಲಿ ಉಳಿಯಲಿಲ್ಲ. ಓಬಳಪ್ಪ ಪ್ರತಿ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚಿನ ಬೀಪ್ ಸದ್ದಿಗೆ ಗಡಿಯಾರವನ್ನು ಹೋಲಿಸಿ ನೋಡುವವರು. ಹಲವು ದಿನ ಸರಿಯಾಗಿದ್ದು, ನಡುವೆ ಒಂದು ದಿನ ಅದು ಇದ್ದಕ್ಕಿದ್ದಂತೆ ಹೆಚ್ಚಾಗಿ ಹಿಂದೆ ಬೀಳುತ್ತಿತ್ತು. ಯಂತ್ರದ ಆಯಸ್ಸು ಮುಗಿಯಿತೆಂದು ತೀರ್ಮಾನಿಸಿದ ಅವರು, ತುಮಕೂರಿನಲ್ಲಿ ಹಳೆಯ ವಸ್ತುಗಳನ್ನು ಸಂಗ್ರಹಿಸುವ ಅಂಜನ್ ಕುಮಾರ್‌ಗೆ ದೀಪಾವಳಿ ಹೊತ್ತಿಗೆ ಅದನ್ನು ಕೊಟ್ಟುಬಿಡುವುದಾಗಿ ಮಾತು ಕೊಟ್ಟರು. ರಂಗಕ್ಕನಿಗೆ ಅದು ಸುತರಾಂ ಇಷ್ಟವಿಲ್ಲ. ಅವರ ತಂಗಿಯ ಮಗ ಮಧುಗಿರಿಯಲ್ಲಿ ನನ್ನ ಸಹೋದ್ಯೋಗಿ. ಹಳೆಯ ಯಂತ್ರಗಳ ಬಗ್ಗೆ ಓದುವ ನನ್ನ ಚಾಳಿ ತಿಳಿದಿದ್ದ ಅವನ ಮೂಲಕ ನನಗೆ ಹೇಳಿಕಳಿಸಿದರು.

ನಾನು ಹೋದಾಗಲೂ ಜಗಳ ನಡೆದೇ ಇತ್ತು.

“ಸಾಯೋ ಗಡಿಯಾರ ಇಟ್ಕಂಡು ಏನ್ಮಾಡ್ತೀಯೆ ರಂಗಿ?” ಎಂದರು ಓಬಳಪ್ಪ.

“ನಿನ್ನ ಇಟ್ಕಂಡಿಲ್ವಾ?” ಎಂದರು ರಂಗಕ್ಕ.

ಒಳಗಿನ ಎಣ್ಣೆ ಒಣಗಿರಬೇಕೆಂಬುದು ನನ್ನ ಮೊದಲ ಊಹೆ. ಆದರೆ ಒಣಗಿದ ಎಣ್ಣೆ ಎಲ್ಲ ದಿನವೂ ಕಾಡಬೇಕು. ರೇಡಿಯೋ ಕೇಳಿದ ಮೇಲೆ ದಿನವೂ ನನಗೆ ಫೋನ್ ಮಾಡುವಂತೆ ಓಬಳಪ್ಪನವರನ್ನು ಕೇಳಿಕೊಂಡೆ. ಕೆಲವು ವಾರಗಳಲ್ಲೇ ಒಂದು ಸಂಗತಿ ಕಣ್ಣಿಗೆ ಬಿತ್ತು: ಗಡಿಯಾರ ಹಿಂದೆ ಬೀಳುವುದು ಮಂಗಳವಾರ ಮಾತ್ರ. ಯಂತ್ರಕ್ಕೆ ವಾರ ತಿಳಿಯುವುದಿಲ್ಲ, ಮನುಷ್ಯರಿಗೆ ತಿಳಿಯುತ್ತದೆ. ಮತ್ತೆ ತಾವರೆಕೆರೆಗೆ ಹೋದೆ.

“ಕೀ ಕೊಡೋರು ಯಾರು?” ಎಂದು ಕೇಳಿದೆ.

“ಯುಗಾದಿಯಿಂದ ಇವಳೇ. ನನ್ ಕೈ ನಡುಗ್ತದೆ. ಬೀಪ್ ಕೇಳಿ ನಾನು ಕುರಿ ಬುಡಕೆ ಹೋಯ್ತೀನಿ, ಇವಳು ಕೀ ಕೊಡ್ತಾಳೆ.”

“ದಿನಾ ಕೊಡ್ತೀರಾ ರಂಗಕ್ಕ?”

“ದಿನಾ ಕೊಡ್ತೀನಪ್ಪ. ಸೋಮವಾರ ಒಂದು ಬುಟ್ಟು.”

ಓಬಳಪ್ಪ ಹೆಂಡತಿಯ ಕಡೆ ತಿರುಗಿದರು. “ಲೇ, ಸೋಮವಾರ ಯಾಕೆ ಬುಟ್ಟೆ?”

“ಸೋಮವಾರ ಎತ್ತಿಗೆ ನೊಗ ಹಾಕ್ತೀವಾ? ವಾರವೆಲ್ಲ ದುಡಿದದ್ದಕ್ಕೆ ಒಂದಿನ ಬುಡಬ್ಯಾಡ್ವಾ?”

“ಅದು ಎತ್ತಲ್ಲ ಕಣೇ.”

“ಎತ್ತಲ್ದಿದ್ರೆ ಏನು, ದುಡಿಯಲ್ವಾ?”

ಸೋಮವಾರ ಬಸವಣ್ಣನ ದಿನ. ಅಂದು ಎತ್ತು ಹೂಡುವುದಿಲ್ಲ. ಎತ್ತು ಮಾರಿದ ಮೇಲೂ ರಂಗಕ್ಕ ಈ ನೇಮವನ್ನು ಕೈಬಿಟ್ಟಿಲ್ಲ. ಬಾಡಿಗೆ ಟ್ರ್ಯಾಕ್ಟರ್ ತಂದ ಜಯರಾಮು ಒಮ್ಮೆ, “ಅಜ್ಜಿ, ನನ್ ಟ್ರ್ಯಾಕ್ಟರ್ ಕೊಂಬಿಗೆ ಬಣ್ಣ ಬಳೀಲಾ?” ಎಂದು ರೇಗಿಸಿ ಮಂಗಳವಾರದವರೆಗೆ ಕಾದನಂತೆ.

ಈ ಗಡಿಯಾರ ಒಮ್ಮೆ ಕೀ ಕೊಟ್ಟರೆ ಎರಡು ದಿನ ದಾಟಿ ನಡೆಯುತ್ತದೆ. ಆದ್ದರಿಂದಲೇ ಸೋಮವಾರ ಅದು ನಿಂತಿರಲಿಲ್ಲ. ಆದರೆ ಸ್ಪ್ರಿಂಗಿನ ಎಳೆತ ಎರಡನೆಯ ದಿನ ಸಡಿಲವಾಗುತ್ತದೆ. ಅದನ್ನು ಸಮಮಾಡಲು ಒಳಗೊಂದು ಪುಟ್ಟ ಸರಪಳಿಯ ವ್ಯವಸ್ಥೆಯಿದ್ದರೂ ಅದು ಪೂರ್ತಿ ಸಾಲದು. ಹಡಗಿನಲ್ಲಿ ದಿನವೂ ಒಂದೇ ಹೊತ್ತಿಗೆ ಕೀ ಕೊಡುತ್ತಿದ್ದದ್ದು ಇದಕ್ಕಾಗಿಯೇ.

ವಿವರಣೆ ಸೊಗಸಾಗಿದೆ ಎಂದ ಮಾತ್ರಕ್ಕೆ ನಿಜವಾಗಬೇಕಿಲ್ಲ. ಕೆಲವು ವಾರ ಸೋಮವಾರವೂ ಕೀ ಕೊಟ್ಟು ನೋಡಬೇಕೆಂದೆ. ರಂಗಕ್ಕ ಒಪ್ಪಲಿಲ್ಲ. ಗಡಿಯಾರ ಮನೆಯಲ್ಲೇ ಉಳಿಯಬಹುದು ಎಂದ ಮೇಲೆ, “ಎರಡೇ ಸೋಮವಾರ. ಪಾಪ ನಿಂದು,” ಎಂದರು.

ಆ ಎರಡು ಮಂಗಳವಾರವೂ ಗಡಿಯಾರ ಉಳಿದ ದಿನಗಳಂತೆಯೇ ಇತ್ತು. ಎರಡು ಸಲದ ಪರೀಕ್ಷೆ ನನಗೆ ಸಾಲದೆನಿಸಿತು, ಓಬಳಪ್ಪನವರಿಗೆ ಸಾಕಾಯಿತು. ಅಂಜನ್ ಕುಮಾರ್‌ಗೆ ನನ್ನೆದುರೇ ಫೋನ್ ಮಾಡಿ, “ಗಟ್ಟಿಯಾಗೇ ಅದೆ ಸ್ವಾಮಿ, ಕೊಡಲ್ಲ. ಬೇಕಾದ್ರೆ ಬಂದು ನೋಡ್ಕಂಡು ಹೋಗಿ,” ಎಂದರು. ಫೋನ್ ಇಟ್ಟು ಹೆಂಡತಿಯನ್ನು ನೋಡಿದರು. ರಂಗಕ್ಕನ ಮುಖ ಇನ್ನೂ ಬಿಗಿದೇ ಇತ್ತು.

“ಇನ್ಮೇಲೆ ಸೋಮವಾರನೂ ದುಡಿಬೇಕಾ ಅದು?”

ಓಬಳಪ್ಪ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. “ಮಂಗಳವಾರ ಒಸಿ ಹಿಂದೆ ಬೀಳ್ತದೆ ಅಂತ ಈಗ ಗೊತ್ತಾಯ್ತಲ್ಲ. ಗೊತ್ತಿರೋ ತಪ್ಪು ಲೆಕ್ಕದಲ್ಲಿ ಕಳ್ಕಂಡ್ರಾಯ್ತು.”

“ಅಂದ್ರೆ?”

“ಬುಡು ಅಂದೆ.”

ಸೋಮವಾರ ಬಿಟ್ಟರೆ ಗಡಿಯಾರದ ನಡೆ ಕೆಡುತ್ತದೆಂದು ಹೇಳಲು ನಾನು ಬಾಯಿ ತೆರೆದೆ. ರಂಗಕ್ಕ ಅಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ಹಾಕಿ, ಕಾಫಿ ಕಾಸಲು ಒಳಗೆ ಹೋಗಿದ್ದರು.