ಗುಡುಗಮ್ಮನ ಸೈಲೆನ್ಸರೂ ನನ್ನ ಕಿವಿಯೂ

ಗುಡುಗಮ್ಮನ ಅಂಗಡಿಯಿಂದ ಹೊರಬಿದ್ದ ಬೈಕ್ ಸೈಲೆನ್ಸರುಗಳಲ್ಲಿ ನನ್ನ ಕಿವಿಯ ಅಪ್ಪಣೆ ಇಲ್ಲದೆ ರಸ್ತೆಗಿಳಿದದ್ದು ಒಂದೂ ಇಲ್ಲ. ಇದು ಜಂಬವಲ್ಲ, ಇದ್ದದ್ದು ಇದ್ದ ಹಾಗೆ. ನಾನು ಬಸ್ ಡ್ರೈವರ್ ಆಗಿದ್ದವನು. ಎಂಜಿನ್ನು ಒಂದು ಆಯುಷ್ಯವಿಡೀ ನನ್ನ ಎಡಗಿವಿಯ ಪಕ್ಕದಲ್ಲೇ ಕೂತು ಪಾಠ ಹೇಳಿದೆ. ಹಿಂದಿನ ಚಕ್ರದ ನಟ್ಟು ಕೂದಲೆಳೆಯಷ್ಟು ಸಡಿಲವಾದರೂ, ಕೊನೇ ಸೀಟಿನವನ ಗೊರಕೆಯನ್ನು ದಾಟಿಕೊಂಡು ಬಂದು ಅದು ನನ್ನ ಹತ್ತಿರ ದೂರು ಹೇಳುತ್ತಿತ್ತು. ಇರುವೆ ಕೆಮ್ಮಿದರೆ ಗಂಡಿರುವೆಯೋ ಹೆಣ್ಣಿರುವೆಯೋ ಹೇಳಿಬಿಡುತ್ತಿದ್ದೆ.

ಗುಡುಗಮ್ಮ ನನ್ನ ಅಕ್ಕನ ಮಗಳು. ಅವಳಪ್ಪ ಕಿಟಕಿ, ಗೇಟು ವೆಲ್ಡಿಂಗ್ ಮಾಡುತ್ತಿದ್ದ. ಒಂದೇ ಶಟರಿನ ಅಂಗಡಿ. ಮಸಿ ಹಿಡಿದ ಸೂರು. ಮೇಲೆ ಮನೆ ಮಾಲಕಿಯ ವಾಸ. ಅಪ್ಪನ ನಂತರ ಅಂಗಡಿ ಹಿಡಿದ ಇವಳು ಗೇಟು ಬಿಟ್ಟು ಸೈಲೆನ್ಸರಿಗೆ ಕೈ ಹಾಕಿದಳು. ಯಾಕಮ್ಮಾ ಎಂದರೆ, ಗೇಟು ಮಾತಾಡಲ್ಲ ಮಾವ, ಇದು ಮಾತಾಡುತ್ತೆ ಎಂದಳು.

ಮಾತೆಲ್ಲಿ ಬಂತು, ಅರಚುತ್ತಿತ್ತು. ಆಗೆಲ್ಲ ಹುಡುಗರು ಬಂದು, ಒಳಗಿರೋದೆಲ್ಲ ಕಿತ್ತುಬಿಡಿ ಅಕ್ಕಾ, ಸದ್ದು ದಪ್ಪಗೆ ಬರಲಿ ಅನ್ನುತ್ತಿದ್ದರು. ಇವಳೂ ಹೊಟ್ಟೆ ಬಗೆದು, ಕರುಳು ಕಿತ್ತು, ಬರೀ ತಗಡಿನ ಡಬ್ಬ ಮಾಡಿ ಕೊಡುತ್ತಿದ್ದಳು. ಅಂಥದೊಂದು ಬೈಕು ಸ್ಟಾರ್ಟ್ ಆದಾಗ ಎದುರಿನ ಕ್ಷೌರದಂಗಡಿಯಲ್ಲಿ ಗಿರಾಕಿಯ ಅರ್ಧ ಮೀಸೆ ಹೋಯಿತು. ಉಳಿದರ್ಧ ಹೆದರಿ ತಾನೇ ಉದುರಿತು. ಗುಡುಗಮ್ಮ ಎಂಬ ಹೆಸರು ಬಿದ್ದದ್ದು ಆವತ್ತೇ. ಹೆತ್ತವರು ಇಟ್ಟ ಹೆಸರು ಈಗ ಅವಳನ್ನೇ ಕೇಳಿದರೂ ಸ್ವಲ್ಪ ಯೋಚಿಸಿ ಹೇಳುತ್ತಾಳೆ.

ಹೀಗಿರುವಾಗ ಮಹಡಿಯ ಮೇಲೆ ಒಂದು ಕೂಸು ಬಂತು. ಮಾಲಕಿಯ ಮೊಮ್ಮಗಳು, ಅಂಗೈಯಗಲದ್ದು. ಕೆಳಗೆ ಒಂದು ಬೈಕು ಕೆಮ್ಮಿದರೆ ಮೇಲೆ ಕೂಸು ಬೆಚ್ಚಿಬೀಳುತ್ತಿತ್ತು. ಅದರ ಅಳುವಿನ ಮುಂದೆ ಸೈಲೆನ್ಸರೇ ನಾಚಬೇಕು. ಮಾಲಕಿ ಜಗಳವಾಡುವ ಹೆಂಗಸಲ್ಲ. ಅದೇ ತೊಂದರೆ, ಜಗಳವಾಡುವವರ ಹತ್ತಿರ ರಾಜಿಯಾದರೂ ಆಗಬಹುದು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಇಳಿದು ಬಂದು ನಯವಾಗಿ ಹೇಳಿದರು: “ನೋಡಮ್ಮ, ನಿಮ್ಮಪ್ಪ ಒಳ್ಳೆಯವರು, ನೀನೂ ಒಳ್ಳೆಯವಳೇ. ಆದ್ರೆ ಮಗು ಇನ್ನೊಂದ್ಸಲ ಹೀಗೆ ಬೆಚ್ಚಿ ಎದ್ರೆ ಬೀಗದ ಕೈ ಕೊಟ್ಬಿಡು.”

ಅಂಗಡಿ ಹೋದರೆ ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಗುಡುಗಮ್ಮ ಎಂದರೆ ಊರಿನ ಯಾವ ಮಾಲೀಕನೂ ಶಟರು ಎಳೆದುಕೊಳ್ಳುವವನೇ. ಮತ್ತೆ ಗೇಟು ಮಾಡೇ ಎಂದೆ. ಬ್ಯಾಂಡ್‌ಸೆಟ್ಟಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವವನೊಬ್ಬ, ನನ್ನ ಬೈಕು ನನ್ನ ಡ್ರಮ್ಮಿನ ಹಾಗೆ ನುಡೀಬೇಕು ಎಂದು ಗಾಡಿ ಬಿಟ್ಟುಹೋಗಿದ್ದ. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಸೈಲೆನ್ಸರನ್ನು ಚಮಚದಿಂದ ಟಣ್ ಟಣ್ ಎಂದು ತಟ್ಟುತ್ತಿದ್ದಳು. ಆಮೇಲೆ ನನ್ನತ್ತ ತಿರುಗಿ ಹೇಳಿದಳು: “ಇಷ್ಟು ದಿನ ನಾನು ಮಾಡಿದ್ದು ಬರೀ ಜೋರು. ದಪ್ಪ ಅಲ್ಲ. ಸದ್ದು ಗಂಟಲಿಂದ ಬರ್ತಿದೆ, ಹೊಟ್ಟೆಯಿಂದ ಬರಬೇಕು.”

ಅಲ್ಲಿಂದ ಶುರುವಾಯಿತು ಉಲ್ಟಾ ಕೆಲಸ. ಕಿತ್ತುಹಾಕುತ್ತಿದ್ದವಳು ತುಂಬಿಸತೊಡಗಿದಳು. ಹೊರಗಿನ ಹೊಟ್ಟೆಯನ್ನು ದೊಡ್ಡದು ಮಾಡಿದಳು. ಒಳಗೆ ಮೈತುಂಬ ತೂತಿರುವ ಉದ್ದನೆಯ ಕೊಳವೆ ಕೂರಿಸಿ, ಕೀರಲು ಸದ್ದನ್ನು ಹೀರಿಕೊಳ್ಳಲಿ ಎಂದು ಅದರ ಸುತ್ತ ಗಾಜಿನ ನಾರು ಸುತ್ತಿದಳು. ಆ ನಾರು ಎಂಥದೆಂದರೆ, ದೂರದಲ್ಲಿ ನಿಂತು ನೋಡಿದರೂ ಮೈ ತುರಿಸುತ್ತದೆ. ತುಂಬುತೋಳಿನ ಅಂಗಿ ತೊಟ್ಟರೂ ಅವಳು ಬೆನ್ನನ್ನು ಬಾಗಿಲ ಚೌಕಟ್ಟಿಗೆ ಉಜ್ಜಿ ಉಜ್ಜಿ ಚೌಕಟ್ಟೇ ಸವೆದುಹೋಯಿತು.

ಒಂದೊಂದು ಸಲ ಮುಗಿದಾಗಲೂ ಗಾಡಿಯನ್ನು ತಳ್ಳಿಕೊಂಡು ಬೀದಿಯಾಚೆಯ ಮೈದಾನಕ್ಕೆ ಹೋಗುವುದು. ನನ್ನನ್ನು ಮಾರುದೂರದಲ್ಲಿ ಸ್ಟೂಲಿನ ಮೇಲೆ ಕೂರಿಸುವುದು. ಸ್ಟಾರ್ಟ್ ಮಾಡಿ, ಕೇಳಿಸ್ತಾ ಮಾವ ಎಂದು ಕೂಗುವುದು. ನಾನು ಕಣ್ಣು ಮುಚ್ಚಿ, ತಲೆ ತೂಗಿ, ಚೆನ್ನಾಗಿ ಕೇಳಿಸ್ತು, ಇನ್ನು ಮುಟ್ಟಬೇಡ ಎಂದು ತೀರ್ಪು ಕೊಡುತ್ತಿದ್ದೆ. ಅವಳು ಮುಖ ಸಣ್ಣಗೆ ಮಾಡಿಕೊಂಡು ವಾಪಸು ತಳ್ಳಿ ಮತ್ತೆ ಬಿಚ್ಚುತ್ತಿದ್ದಳು. ಹೊಗಳಿದರೆ ಬೇಜಾರಾಗುವ ಹುಡುಗಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಪ್ಪನ ಹಟ, ಇನ್ನೇನು ಎಂದುಕೊಂಡೆ.

ಕೊನೆಯ ಸಲ ಹೋದಾಗ ತುಂಬ ಹೊತ್ತು ಕೂರಿಸಿದಳು. ಬೈಕಿನ ಕನ್ನಡಿಯಲ್ಲಿ ನನ್ನ ಮುಖ ಅಲುಗಾಡುತ್ತಿತ್ತು. ಗಾಳಿ ಇರಬೇಕು ಎಂದುಕೊಂಡೆ. ಸ್ಟಾರ್ಟ್ ಮಾಡಮ್ಮ, ಬಿಸಿಲು ಏರ್ತಿದೆ ಎಂದು ಗದರಿದೆ. ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಕೀಲಿ ತಿರುಗಿಸಿ, ಮುಖ ಅರಳಿಸಿಕೊಂಡು ಗಾಡಿ ತಳ್ಳಿಕೊಂಡು ಹೊರಟಳು.

ಡ್ರಮ್ಮಿನವ ಅಂಗಡಿ ಮುಂದೆ ಕಾಯುತ್ತಿದ್ದ. ಗುಡುಗಮ್ಮ ಮಹಡಿಯತ್ತ ತಲೆಯೆತ್ತಿ, ಅಮ್ಮಾ, ಮಗು ಮಲಗಿದ್ಯಾ ಎಂದಳು. ಈಗ ತಾನೇ ಮಲಗ್ತು, ಇನ್ನೂ ತೂಗ್ತಿದ್ದೀನಿ ಎಂದು ಕಿಟಕಿಯಿಂದ ಉತ್ತರ ಬಂತು. ಇವಳು ಮೊಳೆಯಿಂದ ಅಂಗಡಿಯ ಬೀಗದ ಕೈ ತೆಗೆದು, ಮಹಡಿಯ ಮೊದಲನೇ ಮೆಟ್ಟಿಲ ಮೇಲಿಟ್ಟಳು. “ಮಗು ಎದ್ರೆ ತಗೊಂಡ್ಬಿಡಿ,” ಎಂದಳು. ಡ್ರಮ್ಮಿನವನಿಗೆ ಕಣ್ಸನ್ನೆ ಮಾಡಿದಳು.

ಅವನು ಕಿಕ್ಕರ್ ಒದ್ದ. ನಾನು ಕೂತಿದ್ದ ಬೆಂಚು ಗುಂಯ್ ಎಂದು ಸೊಂಟಕ್ಕೆ ಸುದ್ದಿ ಮುಟ್ಟಿಸಿತು. ಲೋಟದ ಚಹಾದಲ್ಲಿ ಸಣ್ಣ ಉಂಗುರಗಳು ಎದ್ದವು. ಡ್ರಮ್ಮಿನವ ಎದೆ ಮುಟ್ಟಿಕೊಂಡು, ಇಲ್ಲಿ ಹೊಡೀತಿದೆ ಅಕ್ಕಾ, ಇಲ್ಲಿ ಎಂದ. ಅವಳು ಅವನತ್ತ ತಿರುಗಲೂ ಇಲ್ಲ. ಕಿಟಕಿಗೆ ಕಣ್ಣು ನೆಟ್ಟು, ತೋಳು ತುರಿಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು.

ಮೆಟ್ಟಿಲ ಮೇಲೆ ಚಪ್ಪಲಿ ಕಂಡಿತು. ಮಾಲಕಿ ಇಳಿದು ಬಂದರು. ಬಗ್ಗಿ ಬೀಗದ ಕೈ ಎತ್ತಿಕೊಂಡರು. ಗುಡುಗಮ್ಮ ನಿಲ್ಲಿಸು ಎಂದು ಡ್ರಮ್ಮಿನವನತ್ತ ಕೈ ಎತ್ತಿದಳು. ಮಾಲಕಿ ನೇರ ಅಂಗಡಿಯೊಳಗೆ ನಡೆದು ಅದನ್ನು ಮೊಳೆಗೆ ತೂಗುಹಾಕಿದರು.

“ಎದ್ದಿಲ್ಲ,” ಎಂದರು. “ಅಷ್ಟು ಹೊತ್ತು ತೂಗಿದ್ರೂ ಮುಷ್ಟಿ ಬಿಗಿ ಹಿಡ್ಕೊಂಡೇ ಮಲಗಿತ್ತು, ಈಗ ಬಿಚ್ಚಿದೆ. ಇನ್ನೊಂಚೂರು ಹೊತ್ತು ಓಡ್ಲಿ ಬಿಡಮ್ಮ, ನನ್ನ ಕೈಗೂ ಬಿಡುವು.”

ಈಗ ಗುಡುಗಮ್ಮನ ಅಂಗಡಿಗೆ ಪಕ್ಕದೂರಿನಿಂದಲೂ ಗಾಡಿಗಳು ಬರುತ್ತವೆ. ಕ್ಷೌರದಂಗಡಿಯಲ್ಲಿ ಮೀಸೆಗಳು ಜೋಡಿಯಾಗಿಯೇ ಹೊರಗೆ ಬರುತ್ತಿವೆ. ಆದರೆ ಆವತ್ತು ಡ್ರಮ್ಮಿನವ ಗಾಡಿ ಹತ್ತಿ ಹೋದ ಮೇಲೆ, ನನ್ನ ಪಾಲಿನ ಕೀರ್ತಿ ನನಗೆ ಸಲ್ಲಬೇಕಲ್ಲ ಎಂದು ಕಿವಿ ತಟ್ಟಿ ತೋರಿಸಿದೆ.

“ನೋಡಿದ್ಯೇನೇ, ಈ ಕಿವಿ ಇಲ್ದಿದ್ರೆ ನಿನ್ನ ಅಂಗಡಿ ಉಳೀತಿತ್ತಾ?”

“ಖಂಡಿತ ಇಲ್ಲ ಮಾವ,” ಎಂದು ಬೆನ್ನನ್ನು ಚೌಕಟ್ಟಿಗೆ ಉಜ್ಜುತ್ತ ಹೇಳಿದಳು. “ನಿಮಗೇ ಕೇಳಿಸ್ತು ಅಂದ್ರೆ ಮಗು ಎದ್ದಂಗೇ ಅಂತ ಮತ್ತೆ ಮತ್ತೆ ಬಿಚ್ತಿದ್ದೆ. ಬೆಳಿಗ್ಗೆ ಮೈದಾನದಲ್ಲಿ ಸ್ಟಾರ್ಟ್ ಮಾಡು ಅಂತ ಗದರಿದ್ರಲ್ಲ, ಆಗ ಎಂಜಿನ್ ಓಡ್ತಾನೇ ಇತ್ತು.”