ಅವ್ವನ ಪಾವಿನ ಮೈದಾ

ಆಗೆಲ್ಲ ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ದೀಪಾವಳಿ ಹತ್ತಿರ ಬಂತೆಂದರೆ ಬಿಸ್ಕತ್ತು ಕೊಂಡು ತರುತ್ತಿರಲಿಲ್ಲ. ಮೈದಾ, ಸಕ್ಕರೆ, ಡಾಲ್ಡಾ ಹೊತ್ತುಕೊಂಡು ಬಿಸ್ಕತ್ತು ಬೇಯಿಸುವ ಭಟ್ಟಿಗೇ ಹೋಗುತ್ತಿದ್ದೆವು. ಹೆಂಗಸರು ಅಲ್ಲೇ ಕೂತು ನಾದಿ, ಉಂಡೆ ಕಟ್ಟಿ ಕೊಟ್ಟರೆ ಭಟ್ಟಿಯ ಖಾಸಿಂ ಚಾಚಾ ಬೇಯಿಸಿ ಡಬ್ಬಿ ತುಂಬಿ ಕೊಡುತ್ತಿದ್ದರು. ಓಣಿ ತುಂಬ ಯಾಲಕ್ಕಿ ಘಮಘಮ. ನಮ್ಮವ್ವನ ನಾನ್‌ಖಟಾಯಿ ತಿಂದರೆ ಹಲ್ಲಿಗೆ ಕೆಲಸವೇ ಇಲ್ಲ ಎಂದು ಓಣಿಯವರೆಲ್ಲ ಹೊಗಳುತ್ತಿದ್ದರು. ಅವಳ ಅಳತೆಯೆಲ್ಲ ತಳ ನೆಗ್ಗಿದ ಒಂದು ಹಿತ್ತಾಳೆ ಪಾವಿನಲ್ಲಿ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅವ್ವ ಹಾಸಿಗೆ ಹಿಡಿದಳು. ಆ ಸಲ ಹಿಟ್ಟನ್ನೂ ತಾವೇ ನಾದಿಕೊಡಲು ಚಾಚಾ ಒಪ್ಪಿದರು. ಆದರೆ ಅವರದು ತಕ್ಕಡಿಯ ಲೆಕ್ಕ. ಪಾವಿನ ಮಾತು ಬೇಡ, ತೂಕ ಹೇಳು ಅಂದರು. ಅವ್ವ ಮಲಗಿದಲ್ಲಿಂದಲೇ ಹೇಳಿದಳು.

"ಎಂಟು ಪಾವು ಮೈದಾ, ಮೂರು ಪಾವು ಸಕ್ಕರಿ. ಚಾಚಾನ ತಕ್ಕಡ್ಯಾಗ ತೂಗಿಸಿ ಚೀಟ್ಯಾಗ ಬರಕೊಂಡು ಬಾ. ಮುಂದ ನಿನಗ ಬೇಕಾಗತೈತಿ."

ಮುಂದೆ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಹೆದರಿಕೆಯಾಗಿತ್ತು.

ಜೋಳ ಅಳೆಯುವುದನ್ನು ನೋಡುತ್ತ ಬೆಳೆದವಳು ನಾನು. ಪಾವನ್ನು ನೆಲಕ್ಕೆ ಕುಟ್ಟಿ, ಅಲುಗಾಡಿಸಿ, ಮೇಲೆ ಗೋಪುರ ಏರಿಸಿದರೇ ಅದು ಅಳತೆ. ತಲೆ ಸವರಿ ಕೊಟ್ಟವರಿಗೆ ಜಿಪುಣರೆಂಬ ಹೆಸರು. ಭಟ್ಟಿಯಲ್ಲಿ ಮೈದಾವನ್ನೂ ಹಾಗೇ ಕುಟ್ಟಿ, ಒತ್ತಿ, ಗೋಪುರ ಏರಿಸಿದೆ. ಸಕ್ಕರೆ ರೇಷನ್ನಿನದು, ಅದನ್ನು ಮಾತ್ರ ಬೆರಳಿನಿಂದ ಸವರಿದೆ. ತೂಗಿದರೆ ಮೈದಾ, ಸಕ್ಕರೆ ಎರಡೂ ಒಂದೊಂದು ಪಾವಿಗೆ ಇನ್ನೂರು ಗ್ರಾಂ. ಹಾಗೇ ಚೀಟಿಯಲ್ಲಿ ಬರೆದುಕೊಂಡೆ.

"ಮೈದಾ ಹಗೂರ ಇರತೈತಿ ಬೇಟಿ, ಸಕ್ಕರಿಯಷ್ಟು ತೂಗಂಗಿಲ್ಲ. ಅವ್ವನ್ನ ಕೇಳಿ ಬಾ" ಅಂದರು ಚಾಚಾ.

ನಾನು ಎಂಥ ಮೊಂಡಿ! ನಮ್ಮವ್ವನ ಪಾವು ನನಗೆ ಗೊತ್ತಿಲ್ಲವೇ ಎಂದು ಜಗಳಕ್ಕೇ ನಿಂತೆ. ಪಾಪ, ಹೇಳಿದಷ್ಟೇ ತೂಗಿ ನಾದಿದರು.

ಡಬ್ಬಿ ತಂದು ಅವ್ವನ ಬಾಯಿಗೆ ಒಂದು ಇಟ್ಟೆ. ಕಲ್ಲಿನಂತೆ ಗಟ್ಟಿ, ಅವಳಿಗೆ ಕಚ್ಚಲಾಗಲಿಲ್ಲ. ಬಾಯಲ್ಲೇ ನೆನೆಸಿಕೊಂಡು ಬಹಳ ಹೊತ್ತು ಚೀಪಿದಳು. ಆಮೇಲೆ ಚೀಟಿ ಇಸಿದುಕೊಂಡು ಮೈದಾದ ಸಾಲಿನ ಮೇಲೆ ಪೆನ್ಸಿಲ್ಲಿನಿಂದ ಗೀಟು ಎಳೆದಳು.

"ಸಕ್ಕರಿ ಸರಿ ಐತಿ. ಮೈದಾ ಹಂಗ ಕುಟ್ಟಬಾರದವ್ವಾ. ಎದ್ದು ಕೂಡಾಕ ಬರ್ಲಿ, ಇಬ್ರೂ ಕೂಡಿ ತೂಗೂಣು."

ಕೂರಲು ಬರಲೇ ಇಲ್ಲ. ಹಬ್ಬ ಕಳೆದು ಹದಿನೈದು ದಿನಕ್ಕೆ ಅವ್ವ ಹೋದಳು. ಆ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ. ತಿಂಗಳುಗಟ್ಟಲೆ ನಾನೊಬ್ಬಳೇ, ದಿನಕ್ಕೊಂದರಂತೆ, ಅಳುತ್ತ ತಿಂದು ಮುಗಿಸಿದೆ.

ಆ ಪಾವು, ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಇವೆ. ಒಂದೊಂದು ಗ್ರಾಮೂ ತೋರಿಸುವ ತಕ್ಕಡಿಯೂ ಇದೆ. ಮೈದಾವನ್ನು ಜರಡಿ ಹಿಡಿದು, ಹಗುರವಾಗಿ ಉದುರಿಸಿ ತೂಗುತ್ತೇನೆ. ಒಮ್ಮೆ ನೂರಿಪ್ಪತ್ತು ಬರುತ್ತದೆ, ಒಮ್ಮೆ ನೂರೈವತ್ತು. ಅವ್ವ ಕೈಯಾರೆ ತುಂಬಿದ ಪಾವು ಎಷ್ಟು ತೂಗುತ್ತಿತ್ತೋ, ಯಾರನ್ನು ಕೇಳಲಿ? ಗೀಟು ಎಳೆದ ಸಾಲಿನ ಪಕ್ಕ ಇನ್ನೂ ಏನೂ ಬರೆದಿಲ್ಲ.

ಹೋದ ದೀಪಾವಳಿಗೆ ನಾನ್‌ಖಟಾಯಿ ಮೆತ್ತಗೆ ಬಂದವು. ಮಗಳು ತಿನ್ನುತ್ತ, "ಅಜ್ಜಿ ಮಾಡಿದಂಗ ಆಗ್ಯಾವೇನವ್ವಾ?" ಅಂದಳು.

ನಾನೂ ಒಂದು ಬಾಯಿಗೆ ಹಾಕಿಕೊಂಡೆ. ಅವ್ವ ಮಾಡುತ್ತಿದ್ದುದರ ರುಚಿ ನನಗೆ ಮರೆತೇಹೋಗಿದೆ. ನಾಲಿಗೆಯಲ್ಲಿ ಉಳಿದಿರುವುದು ನಾನು ಕೆಡಿಸಿದ ಆ ಗಟ್ಟಿ ಬಿಸ್ಕತ್ತುಗಳ ರುಚಿಯೊಂದೇ.